ಮರಳಿನ ಪೆಟ್ಟಿಗೆಯ ಖಂಡೇನವಮಿ

ರೈಲು ಬಿಡುವುದರಲ್ಲಿ ಗುರುಪಾದಪ್ಪ ಎತ್ತಿದ ಕೈ. ನಾನು ಹೇಳುತ್ತಿರುವ ಕಾಲಕ್ಕೆ ದುಬೈಯಲ್ಲಿ ಮೆಟ್ರೋ ಇನ್ನೂ ಓಡಿರಲಿಲ್ಲ. ಆ ಊರಿನಲ್ಲಿ ಅಷ್ಟು ವರ್ಷ ಓಡಿದ ರೈಲುಗಳನ್ನೆಲ್ಲ ಬಿಟ್ಟವನು ಇವನೊಬ್ಬನೇ.

ಅವನ ಎಡಗೈ ಕಿರುಬೆರಳಿಗೆ ತುದಿ ಇಲ್ಲ. ಡಿಸ್ಕವರಿ ಗಾರ್ಡನ್ಸ್‌ನ ಅವನ ಮನೆಗೆ ಊಟಕ್ಕೆ ಬಂದವರು ಪಲ್ಯ ಬಡಿಸಿಕೊಳ್ಳುವಾಗ ಅದನ್ನು ನೋಡಿ ಕೇಳಿಯೇ ಕೇಳುತ್ತಾರೆ. ಒಬ್ಬರಿಗೆ, ಶ್ರೀಮಂತ ಅರಬನೊಬ್ಬನ ಗಿಡುಗ ಕುಕ್ಕಿಕೊಂಡು ಹೋಯಿತು ಎಂದ. ಇನ್ನೊಬ್ಬರಿಗೆ, ಅಲ್ ಐನ್ ದಾರಿಯಲ್ಲಿ ಒಂಟೆಗೆ ಖರ್ಜೂರ ತಿನ್ನಿಸುವಾಗ ಒಂಟೆ ಲೆಕ್ಕ ತಪ್ಪಿತು ಎಂದ. ಅದೇ ಒಂಟೆ ಅವನ ಪಾಸ್‌ಪೋರ್ಟನ್ನೂ ತಿಂದಿತ್ತಂತೆ, ವೀಸಾ ಪುಟವನ್ನು ಮಾತ್ರ ಉಗುಳಿತಂತೆ. ನಿಜ ಏನೆಂದರೆ, ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಒಂದು ಅಂಗಡಿಗೆ ಬೋರ್ಡು ಕೂರಿಸುವಾಗ ಶಟರ್ ಜಾರಿ ಬೆರಳಿನ ಮೇಲೆ ಬಿದ್ದದ್ದು. ಇದು ಹೆಂಡತಿ ಮಧುಮತಿಗೆ ಗೊತ್ತು. ಆದರೆ ಗಿಡುಗದ ಕಥೆಯನ್ನು ಅಷ್ಟು ಸಲ ಕೇಳಿ ಕೇಳಿ, ಅವಳಿಗೂ ಒಮ್ಮೊಮ್ಮೆ ಅನುಮಾನ ಬರುತ್ತಿತ್ತು.

ಗುಳೇದಗುಡ್ಡದಿಂದ ಬಂದ ಹೊಸದರಲ್ಲಿ ಅವನು ಕೆಲಸಗಾರರ ಕ್ಯಾಂಪಿನಲ್ಲಿದ್ದ. ಬಿಸಿಲಲ್ಲಿ ಬೆಂದು ಬಂದವರು ರೊಟ್ಟಿ ಮುಂದಿಟ್ಟುಕೊಂಡು, ಮನೆ ನೆನೆದು, ಮಾತಿಲ್ಲದೆ ಕೂತಿರುತ್ತಿದ್ದರು. ಆಗ ಗುರುಪಾದಪ್ಪ ಒಂದು ಸುಳ್ಳು ಹೇಳುತ್ತಿದ್ದ. ಯಾರೋ ನಗುತ್ತಿದ್ದರು, ಊಟ ಇಳಿಯುತ್ತಿತ್ತು. ಅಂಟಿಕೊಂಡ ಚಟ ಹಾಗೇ ಉಳಿಯಿತು. ಅವನ ಸುಳ್ಳಿನಿಂದ ಯಾರದ್ದೂ ಕೂದಲು ಕೊಂಕಿದ್ದಿಲ್ಲ. ಹಾಗಾಗಿ ಇದನ್ನು ತಪ್ಪು ಎನ್ನಲು ನನಗೆ ಬಾಯಿ ಬರುವುದಿಲ್ಲ.

ಅವನ ಇನ್ನೊಂದು ಚಟ ಪೂಜೆಯದು. ದೇವರಿಗಿಂತ ಯಂತ್ರಗಳಿಗೆ ಜಾಸ್ತಿ. ದುಬೈ ಇನ್ವೆಸ್ಟ್‌ಮೆಂಟ್ಸ್ ಪಾರ್ಕಿನಲ್ಲಿ ಅಲ್ಯೂಮಿನಿಯಂ ಮತ್ತು ಅಕ್ರಿಲಿಕ್ ಕೆಲಸದ ಒಂದು ಶೆಡ್ಡಿಗೆ ಅವನು ಫೋರ್‌ಮನ್. ಪ್ರತಿ ವರ್ಷ ಖಂಡೇನವಮಿಯ ಆಯುಧಪೂಜೆಗೆ ಡ್ರಿಲ್ ಮಷೀನು, ಕಟರು, ಫೋರ್ಕ್‌ಲಿಫ್ಟು, ಎಲ್ಲಕ್ಕೂ ವಿಭೂತಿ ಬಳಿದು ಚೆಂಡು ಹೂವು ಮುಡಿಸುತ್ತಿದ್ದ. ಎಲ್ಲರೂ ಅರಬಾಬ್ ಎಂದು ಕರೆಯುವ ಮಾಲೀಕ ಆ ಒಂದು ದಿನ ಶೆಡ್ಡಿನ ಕಡೆ ಬಾರದೆ ಇದ್ದುಬಿಡುತ್ತಿದ್ದ. ಪೇಂಟರ್ ಅಬ್ದುಲ್ ಸಲಾಂ ಮಾತ್ರ ತಪ್ಪದೆ ಹಾಜರು. ಉಳ್ಳಾಲದ ಸಲಾಮನಿಗೆ ಪೂಜೆಯ ಗೊಡವೆ ಇಲ್ಲ. ಆಮೇಲೆ ಹಂಚುವ ಚುರುಮುರಿ ಮತ್ತು ಬೆಲ್ಲ ಹಾಕಿದ ಕೊಬ್ಬರಿಯ ಮೇಲೆ ಪ್ರೀತಿ. ಗುರುಪಾದಪ್ಪನ ಮೇಲೆ ಅದಕ್ಕಿಂತ ಪ್ರೀತಿ.

ಇಂಥವನಿಗೆ ಅಪೂರ್ವಾ ಎಂಬ ಮಗಳು. ಅವಳು ಸುಳ್ಳು ಹೇಳುವುದಿಲ್ಲ, ಪೂಜೆ ಮಾಡುವುದಿಲ್ಲ. ದುಬೈಯ ಒಂದು ವಿಶ್ವವಿದ್ಯಾಲಯದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದವಳು ಎರಡು ಸಾವಿರದ ಎಂಟರಲ್ಲಿ ಒಂದು ದಿನ ಕುಣಿದುಕೊಂಡು ಮನೆಗೆ ಬಂದಳು. ಅವಳ ತಂಡದ ಪ್ರಯೋಗ ಫ್ರಾನ್ಸಿನ ವಿಮಾನವೊಂದಕ್ಕೆ ಆಯ್ಕೆಯಾಗಿತ್ತು. ಆ ವಿಮಾನ ಮುಗಿಲಿಗೆ ಏರಿ, ಕಮಾನಿನ ಹಾಗೆ ಬಾಗಿ, ಕೆಳಗೆ ಧುಮುಕುತ್ತದೆ. ಆ ಕಮಾನಿನ ಉದ್ದಕ್ಕೂ ಇಪ್ಪತ್ತು ಸೆಕೆಂಡು ಒಳಗಿದ್ದವರಿಗೂ ವಸ್ತುಗಳಿಗೂ ತೂಕ ಎಂಬುದೇ ಇರುವುದಿಲ್ಲ, ಎಲ್ಲ ತೇಲುತ್ತವೆ. ಮತ್ತೆ ಏರುತ್ತದೆ, ಮತ್ತೆ ಧುಮುಕುತ್ತದೆ. ವಿದ್ಯಾರ್ಥಿಗಳು ಆ ಸೆಕೆಂಡುಗಳಲ್ಲೇ ತಮ್ಮ ಪ್ರಯೋಗ ನಡೆಸಬೇಕು.

"ಬೇಕಂತ ಬೀಳೂ ವಿಮಾನೇನವ್ವಾ ಅದು?" ಎಂದ ಗುರುಪಾದಪ್ಪ.

"ಬೀಳೂದಲ್ಲಪ್ಪಾ, ಫ್ರೀ ಫಾಲ್. ಇಟ್ಸ್ ಸೇಫ್."

"ಬೀಳೂದಂದ್ರ ಬೀಳೂದ."

ಪ್ರಯೋಗ ಮರಳಿನದು. ತೂಕವಿಲ್ಲದಾಗ ಮರಳಿನ ಕಣಗಳು ಒಂದಕ್ಕೊಂದು ಅಂಟಿ ಉಂಡೆ ಕಟ್ಟುತ್ತವೆಯೋ, ಬಿಡಿಬಿಡಿಯಾಗೇ ತೇಲುತ್ತವೆಯೋ ನೋಡಬೇಕಿತ್ತು. ಗ್ರಹಗಳು ಹುಟ್ಟುವ ಮೊದಲು ಧೂಳು ಹೀಗೇ ಗಂಟು ಕಟ್ಟಿತ್ತು ಎಂದು ತಿಳಿದವರು ಹೇಳುತ್ತಾರಂತೆ. ಬಾಗಿಲು ತೆಗೆದರೆ ಒಳಗೇ ನುಗ್ಗುವ ಮರಳನ್ನು ನೋಡಲು ಫ್ರಾನ್ಸಿಗೆ ಯಾಕೆ ಹೋಗಬೇಕು ಎಂದು ಗುರುಪಾದಪ್ಪನಿಗೆ ಅರ್ಥವಾಗಲಿಲ್ಲ. ಆದರೂ ಪೆಟ್ಟಿಗೆ ಮಾಡಿಕೊಡಲು ಒಪ್ಪಿದ. ಮಗಳ ಪೆಟ್ಟಿಗೆಯನ್ನು ಬೇರೆಯವರ ಶೆಡ್ಡಿನಲ್ಲಿ ಮಾಡಿಸುವುದುಂಟೆ?

ಮೂರು ಖಾನೆಗಳ ಪಾರದರ್ಶಕ ಪೆಟ್ಟಿಗೆ. ಪ್ರತಿ ಖಾನೆಗೂ ಒಂದು ಮುಚ್ಚಳ, ಮುಚ್ಚಳದ ಅಂಚಿಗೆ ರಬ್ಬರ್ ಪಟ್ಟಿ, ಕೆಳಗೆ ಅಲುಗಾಡಿಸುವ ಮೋಟಾರು. ಮರಳನ್ನು ತೊಳೆದು, ಒಲೆಯಲ್ಲಿ ಒಣಗಿಸಿ, ಜರಡಿ ಹಿಡಿದು ತುಂಬಿದರು. ಒಳಗೆ ಬೇರೇನೂ ಬೀಳಕೂಡದು, ಒಂದು ಕೂದಲೂ. ತಂಡದ ಮುಂದಾಳು ಆದರ್ಶ, ಮೈಸೂರಿನವರ ಮಗ, ಪೆಟ್ಟಿಗೆಯ ಬಳಿ ಯಾರಾದರೂ ಕೆಮ್ಮಿದರೂ ಮುಖ ಗಂಟಿಕ್ಕುತ್ತಿದ್ದ. ಅಪೂರ್ವಾ ಅಪ್ಪನನ್ನು ಬಲ್ಲವಳು, ಅವನ ಎದುರು ನಿಂತು ಬೆರಳು ಮಡಚಿದಳು.

"ಅಪ್ಪಾ, ಇದಕ್ಕ ಪೂಜಿ ಮಾಡಂಗಿಲ್ಲ. ವಿಭೂತಿ ಇಲ್ಲ, ಕುಂಕುಮ ಇಲ್ಲ, ಲಿಂಬಿಹಣ್ಣ ಇಲ್ಲ, ಕಾಯಿ ಅಂತೂ ಇಲ್ಲೇ ಇಲ್ಲ. ಪ್ರಾಮಿಸ್ ಮಾಡು."

"ಆತವ್ವಾ. ನೀ ಹೇಳಿದ್ದ ಒಂದೂ ಮಾಡಂಗಿಲ್ಲ," ಎಂದು ಮಾತು ಕೊಟ್ಟ ಗುರುಪಾದಪ್ಪ. ಅವತ್ತು ಮನಸ್ಸಿನಲ್ಲಿ ಕಪಟ ಇರಲಿಲ್ಲ.

ಗ್ರಹಚಾರಕ್ಕೆ ಪೆಟ್ಟಿಗೆ ವಿಮಾನ ಹತ್ತುವ ಹಿಂದಿನ ದಿನವೇ ಖಂಡೇನವಮಿ ಬಂತು. ಅದೇ ದಿನ ನಡುವಿನ ಖಾನೆಯ ರಬ್ಬರ್ ಪಟ್ಟಿ ಸರಿಯಾಗಿ ಕೂರುತ್ತಿಲ್ಲವೆಂದು ಅಪೂರ್ವಾ ಮತ್ತು ಆದರ್ಶ ಪೆಟ್ಟಿಗೆಯನ್ನು ಶೆಡ್ಡಿಗೆ ತಂದರು. ಹೊಸ ಪಟ್ಟಿ ಕತ್ತರಿಸುವಷ್ಟರಲ್ಲಿ ಚಹಾ ಕುಡಿದು ಬರುತ್ತೇವೆಂದು ಎದುರಿನ ಕ್ಯಾಫೆಟೇರಿಯಾಕ್ಕೆ ಹೋದರು. ಮೇಜಿನ ಮೇಲೆ ಪೆಟ್ಟಿಗೆ, ನಡುವಿನ ಮುಚ್ಚಳ ತೆಗೆದಿದೆ. ಸುತ್ತಲೂ ಹೂ ಮುಡಿದ ಯಂತ್ರಗಳು. ಅವುಗಳ ನಡುವೆ ಅದೊಂದೇ ಬೋಳು ಹಣೆಯಲ್ಲಿ ಕೂತಿದೆ.

ಗುರುಪಾದಪ್ಪನಿಗೆ ಅದು ಸರಿಕಾಣಲಿಲ್ಲ. ಹೊಸ ಗಾಡಿಗೆ ಪೂಜೆ ಮಾಡದೆ ಪೇಟೆಗೂ ಒಯ್ಯದ ಜನ ಅವರು. ಈ ಪೆಟ್ಟಿಗೆ ಬೇಕೆಂದೇ ಬೀಳುವ ವಿಮಾನದಲ್ಲಿ ಹೋಗುತ್ತದೆ, ಪಕ್ಕದಲ್ಲಿ ಅವನ ಒಬ್ಬಳೇ ಮಗಳು ಕೂತಿರುತ್ತಾಳೆ. ಅವನಿಗೆ ಹೆದರಿಕೆಯಾಗಿತ್ತು. ನಗುತ್ತ ನಗುತ್ತ ಓಡಾಡುತ್ತಿದ್ದ ಅಷ್ಟು ದಿನವೂ ಹೆದರಿಕೆಯಾಗಿತ್ತು, ಯಾರಿಗೂ ಹೇಳಿರಲಿಲ್ಲ.

"ಸಲಾಂ, ಅಕಿ ಏನೇನ್ ಬ್ಯಾಡಂದ್ಲು ನೆನಪೈತೇನು?"

"ವಿಭೂತಿ, ಕುಂಕುಮ, ಲಿಂಬೆಹುಳಿ, ಕಾಯಿ. ನಾನು ಅಲ್ಲೇ ಇದ್ದೆನಲ್ಲ?"

"ಅಕ್ಷತಿ ಹೆಸರ ಅಕಿ ತಗದಿಲ್ಲ, ಹೌದಿಲ್ಲೋ?"

ಸಲಾಂ ಬೆರಳು ಮಡಚಿ ಎಣಿಸಿ ನೋಡಿದ. "ಇಲ್ಲ. ಅದು ಹೇಳ್ಲಿಲ್ಲ."

ಕೋರ್ಟಿನಲ್ಲಿ ಗೆದ್ದವನಂತೆ ಗುರುಪಾದಪ್ಪ ಡಬ್ಬಿ ತೆರೆದ. ಅಕ್ಕಿ, ಅರಿಶಿನ ಮನೆಯಿಂದ ತಂದಿದ್ದ, ಕಲಸಲು ತುಪ್ಪ ಮರೆತಿದ್ದ. ಬೆಳಿಗ್ಗೆಯೇ ಅದಕ್ಕೂ ಒಂದು ದಾರಿ ಹುಡುಕಿಕೊಂಡಿದ್ದ. ಆ ಸಂಗತಿ ಆಮೇಲೆ. ಒಂದು ಚಿಟಿಕೆ ಅಕ್ಷತೆ ಹಿಡಿದು, ಕಣ್ಣು ಮುಚ್ಚಿ, ಮಗಳ ಹೆಸರು ಹೇಳಿ, ದೂರದಿಂದಲೇ ಪೆಟ್ಟಿಗೆಯ ಮೇಲೆ ಎರಚಿದ. ಕಾಳುಗಳು ಅಕ್ರಿಲಿಕ್ ಮೇಲೆ ಟಪಟಪ ಜಿಗಿದವು. ಮೇಲೆ ಬಿದ್ದದ್ದನ್ನೆಲ್ಲ ಆರಿಸಿ ತೆಗೆದ. ಆದರೆ ತೆರೆದ ಖಾನೆಯೊಳಗೆ ಒಂದು ಹೋದಂತೆ ಕಂಡಿತು. ಬಗ್ಗಿ ನೋಡಿದ. ಹಳದಿ ಮರಳಿನಲ್ಲಿ ಹಳದಿ ಕಾಳು, ಯಾವುದು ಎಲ್ಲಿ? ಅಷ್ಟರಲ್ಲಿ ಅಪೂರ್ವಾಳ ನಗು ಬಾಗಿಲ ಹೊರಗೆ ಕೇಳಿಸಿತು. ಅವನು ಗಡಿಬಿಡಿಯಲ್ಲಿ ಹೊಸ ಪಟ್ಟಿ ಕೂರಿಸಿ ಮುಚ್ಚಳದ ಸ್ಕ್ರೂಗಳನ್ನು ಬಿಗಿದ.

"ಸಲಾಂ, ಯಾರ್ ಕೇಳಿದ್ರೂ ಪೂಜಿ ಆಗಿಲ್ಲ. ನಾನ ಬಂದ್ ಕೇಳಿದ್ರೂ ಆಗಿಲ್ಲ."

"ನನ್ನ ಬಾಯಿಗೆ ಬೀಗ ಹಾಕಿದ ಹಾಗೇ, ಗುರುಪಾದಣ್ಣ."

ಮಗಳು ಹೋಗಿ ಬಂದಳು. ಮೊದಲ ಕೆಲವು ಕಮಾನುಗಳಲ್ಲಿ ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ ಬಂತಂತೆ. ಆಮೇಲೆ ತೇಲಿದಳಂತೆ, ಚಾವಣಿಗೆ ಕಾಲು ಕೊಟ್ಟು ನಿಂತಳಂತೆ. ಕೇಳುತ್ತ ಮಧುಮತಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಆ ಸಂಜೆ ಆದರ್ಶನೂ ಮನೆಗೆ ಬಂದಿದ್ದ. ಎಲ್ಲರೂ ಗಿರ್ಮಿಟ್ ತಟ್ಟೆ ಹಿಡಿದು ಲ್ಯಾಪ್‌ಟಾಪಿನ ಮುಂದೆ ಕೂತರು.

ಪರದೆಯ ಮೇಲೆ ಮೂರೂ ಖಾನೆಗಳು. ವಿಮಾನ ಬಾಗಿದ ಕೂಡಲೇ ಮರಳು ಎದ್ದಿತು. ಅಕ್ಕಪಕ್ಕದ ಎರಡರಲ್ಲಿ ಮಂಜಿನಂತೆ ಹರಡಿ ಹಾಗೇ ನಿಂತಿತು. ನಡುವಿನದರಲ್ಲಿ ಮಾತ್ರ ಕಣಗಳು ಒಂದು ಕಡೆ ಸೇರುತ್ತ ಸೇರುತ್ತ, ಕಮಾನಿನಿಂದ ಕಮಾನಿಗೆ ದಪ್ಪವಾಗುತ್ತ, ಕಡೆಗೆ ಕಡಲೆಕಾಳಿನಷ್ಟು ಉಂಡೆಯಾಯಿತು.

"ನೋಡಿ ಅಂಕಲ್! ನಡುವಿನ ಖಾನೆಗೆ ಮೋಟಾರು ಮೆಲ್ಲಗೆ ಇಟ್ಟಿದ್ವಿ. ಮೆಲ್ಲಗೆ ಅಲುಗಿಸಿದ್ರೆ ಮರಳು ಅಂಟುತ್ತೆ! ಯಾರೂ ಹೀಗೆ ತೋರಿಸಿಲ್ಲ," ಎಂದ ಆದರ್ಶ. ಅವನು ನಕ್ಕದ್ದನ್ನು ಗುರುಪಾದಪ್ಪ ನೋಡಿದ್ದು ಅದೇ ಮೊದಲು. ತಿಂಗಳ ಕೊನೆಗೆ ವಿಶ್ವವಿದ್ಯಾಲಯದಲ್ಲಿ ದೊಡ್ಡ ಸಭೆ, ಹೊರಗಿನ ವಿದ್ವಾಂಸರು ಬರುತ್ತಾರೆ. ಅವರ ಎದುರಿಗೇ ಪೆಟ್ಟಿಗೆ ತೆರೆದು ಉಂಡೆ ತೋರಿಸುವುದು. ಮರುವಾರ ಇದನ್ನೆಲ್ಲ ಬರೆದು ಅಚ್ಚಿಗೆ ಕಳಿಸುವುದು. ಅಲ್ಲಿಯವರೆಗೆ ಪೆಟ್ಟಿಗೆ ಪ್ರಯೋಗಾಲಯದಲ್ಲಿ ಬೀಗದೊಳಗೆ.

ಗುರುಪಾದಪ್ಪನ ಬಾಯಲ್ಲಿ ಗಿರ್ಮಿಟ್ ಹಾಗೇ ನಿಂತಿತ್ತು. ಮೊದಲ ಕಮಾನಿನಲ್ಲಿ, ಉಂಡೆ ಕಟ್ಟುವ ಮೊದಲು, ಉದ್ದನೆಯ ಹಳದಿ ವಸ್ತುವೊಂದು ಮಂಜಿನೊಳಗೆ ಮಗ್ಗುಲು ತಿರುಗಿದ್ದನ್ನು ಅವನು ನೋಡಿದ್ದ. ಉಳಿದವರ ಕಣ್ಣಿಗೆ ಅದೂ ಮರಳೇ.

ಮರುದಿನ ಬೆಳಗಿನ ಉಪ್ಪಿಟ್ಟಿನ ಮುಂದೆ ಅವನು ಎಲ್ಲವನ್ನೂ ಹೇಳಿಬಿಟ್ಟ. ಖಂಡೇನವಮಿ, ಅಕ್ಷತೆ, ತೆರೆದ ಖಾನೆ, ಒಳಗೆ ಬಿದ್ದ ಕಾಳು. ಆ ಉಂಡೆಯ ಹೊಟ್ಟೆಯಲ್ಲಿರುವುದು ಅದೇ.

ಅಪೂರ್ವಾ ಚಮಚ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅಪ್ಪಾ, ಇದು ಒಂಟಿ ಪಾಸ್‌ಪೋರ್ಟ್ ತಿಂದದ್ದಕ್ಕಿಂತ ಚೊಲೋ ಐತಿ!"

"ಖರೇನ ಹೇಳಾಕತ್ತೀನವ್ವಾ."

"ಒಂಟಿದೂ ಖರೇ ಅಂದಿದ್ದಿ."

ಮಧುಮತಿ ನಗಲಿಲ್ಲ. "ಮಗಳ ಹೆಸರ ಬಂದ್ರ ಅದರಾಗೂ ನಿಮಗ ಪಾಲ ಬೇಕೇನ್ರೀ? ಅಕಿ ತಿಂಗಳಗಟ್ಲೆ ದುಡದಾಳ. ನಿಮ್ಮ ಪೂಜಿಯಿಂದ ಉಂಡಿ ಆತು ಅಂತ ಊರ ತುಂಬ ಹೇಳಬ್ಯಾಡ್ರಿ."

ಈ ಮಾತು ಅವನಿಗೆ ನಾಟಿತು. ಸಾಕ್ಷಿ ಇದ್ದಾನಲ್ಲ ಎಂದು ಸಲಾಮನಿಗೆ ಫೋನು ಹಚ್ಚಿ, ಎಲ್ಲರಿಗೂ ಕೇಳುವಂತೆ ಮೇಜಿನ ಮೇಲಿಟ್ಟ.

"ಸಲಾಂ, ಖಂಡೇನವಮಿ ದಿನ ಆ ಮರಳಿನ ಪೆಟ್ಟಿಗಿಗೆ ನಾ ಪೂಜಿ ಮಾಡಿದ್ನೋ ಇಲ್ಲೋ, ಹೇಳಪಾ."

"ಪೂಜೆಯಾ? ಎಂತ ಪೂಜೆ? ಮಾಫಿ ಪೂಜೆ, ಇಲ್ಲವೇ ಇಲ್ಲ!" ಸಲಾಮನ ದನಿ ಗಟ್ಟಿಯಾಗಿತ್ತು. "ಗುರುಪಾದಣ್ಣ ಅದರ ಹತ್ತಿರ ಹೋಗ್ಲೇ ಇಲ್ಲ. ನಾನು ಕಣ್ಣಾರೆ ನೋಡಿದ್ದೇನೆ, ಹೋಗದ್ದನ್ನು."

"ಏ ಸಲಾಂ! ನಾನ ಕೇಳಾಕತ್ತೀನಿ, ಖರೇ ಹೇಳೋ!"

"ನೀವೇ ಕೇಳಿದ್ರೂ ಅಷ್ಟೇ ಮಾರಾಯ್ರೆ. ಪೂಜೆ ಆಗ್ಲಿಲ್ಲ. ಖಲಾಸ್."

ಫೋನು ಇಟ್ಟ ಸಲಾಂ, ಗೆಳೆಯನನ್ನು ದೊಡ್ಡ ಗಂಡಾಂತರದಿಂದ ಪಾರು ಮಾಡಿದ ಖುಷಿಯಲ್ಲಿ ಇನ್ನೊಂದು ಚಹಾ ತರಿಸಿ ಕುಡಿದನಂತೆ. ಇತ್ತ ತಾಯಿ ಮಗಳು ನಕ್ಕು ನಕ್ಕು ಸುಸ್ತಾದರು. ಗುರುಪಾದಪ್ಪ ಪಟ್ಟು ಬಿಡದೆ ಆದರ್ಶನಿಗೂ ಹೇಳಿದ. "ಅಂಕಲ್, ನಿಮ್ಮ ಜೋಕ್ಸ್ ಸೂಪರ್," ಎಂದು ಆ ಹುಡುಗ ಕೈ ಕುಲುಕಿ ಹೋದ.

ಆ ದಿನಗಳಲ್ಲಿ ಗುರುಪಾದಪ್ಪನಿಗೆ ಅನ್ನ ಸೇರಲಿಲ್ಲ. ಸುಮ್ಮನಿದ್ದರೆ ಮಗಳಿಗೆ ಹೆಸರು ಬರುತ್ತದೆ. ಆದರೆ ಆ ಹೆಸರು ನಿಂತಿರುವುದು ಒಂದು ಅಕ್ಕಿಕಾಳಿನ ಮೇಲೆ. ಅಚ್ಚಾದ ಮೇಲೆ ದೇಶ ದೇಶದಲ್ಲಿ ಓದುತ್ತಾರೆ, ಯಾರೋ ಮತ್ತೆ ಮಾಡಿ ನೋಡುತ್ತಾರೆ, ಅವರಿಗೆ ಉಂಡೆ ಕಟ್ಟುವುದಿಲ್ಲ. ಆಗ ಸುಳ್ಳುಗಾತಿ ಎಂದು ಜನ ಕರೆಯುವುದು ಅವನನ್ನಲ್ಲ, ಅಪೂರ್ವಾಳನ್ನು. ಎಂದೂ ಸುಳ್ಳು ಹೇಳದವಳನ್ನು.

ಸಭೆಯ ದಿನ ಬಂತು. ಇಸ್ತ್ರಿ ಮಾಡಿದ ಅಂಗಿ, ಹಣೆಗೆ ವಿಭೂತಿ, ಪ್ಯಾಂಟಿನ ಜೇಬಿನಲ್ಲಿ ಮುಚ್ಚಳದ ಸ್ಕ್ರೂ ತೆಗೆಯುವ ಕೀಲಿ. ಮಕ್ಕಳ ಮಾರ್ಗದರ್ಶಕಿ ಲೂರ್ದ್ ಮೇಡಂ ಮಂಗಳೂರಿನವರು. ಕೆಲಸ ಮಾಡಿದವರನ್ನು ಮರೆಯುವ ಹೆಂಗಸಲ್ಲ. ಪೆಟ್ಟಿಗೆ ಮಾಡಿಕೊಟ್ಟವರು ಇವರೇ ಎಂದು ಗುರುಪಾದಪ್ಪನನ್ನು ವೇದಿಕೆಗೆ ಕರೆದು, ಎರಡು ಮಾತಾಡಿ ಎಂದು ಮೈಕು ಕೊಟ್ಟರು.

ಅವನು ತನಗೆ ಬರುವ ಹಿಂದಿ, ಇಂಗ್ಲಿಷು ಕಲಸಿ ಇದ್ದದ್ದನ್ನು ಇದ್ದಂತೆ ಹೇಳಿದ. ಉಂಡೆ ಮರಳಿನದಲ್ಲ, ಒಳಗೆ ನನ್ನ ಅಕ್ಕಿ ಇದೆ. ಸಭೆ ಘೊಳ್ಳೆಂದಿತು. ಇಲ್ಲ, ನಿಜವಾಗಿ ಎಂದ. ಇನ್ನೂ ಜೋರಾಗಿ ನಕ್ಕರು, ಚಪ್ಪಾಳೆ ತಟ್ಟಿದರು. ಅವನ ಜೀವಮಾನದಲ್ಲಿ ಯಾವ ಸುಳ್ಳಿಗೂ ಅಷ್ಟು ನಗು ಬಿದ್ದಿರಲಿಲ್ಲ. ಅವನು ಮೈಕು ಇಳಿಸಿ ಜೇಬಿನಿಂದ ಕೀಲಿ ತೆಗೆದ.

"ಅಪ್ಪಾ, ಪ್ಲೀಸ್. ನಾಟ್ ಟುಡೇ," ಎಂದಳು ಅಪೂರ್ವಾ ಮೆಲ್ಲಗೆ. ಅವಳ ಮುಖ ಕೆಂಪಾಗಿತ್ತು.

"ನಾ ತಗಿಯಂಗಿಲ್ಲವ್ವಾ. ನೀನ ತಗಿ." ಕೀಲಿಯನ್ನು ಅವಳ ಅಂಗೈಯಲ್ಲಿಟ್ಟ. ಎರಡು ಹೆಜ್ಜೆ ಹಿಂದೆ ಸರಿದು ನಿಂತ. ಅಪೂರ್ವಾ ಅವನ ಮುಖ ನೋಡಿದಳು, ಅದರಲ್ಲಿ ಕಥೆ ಹೇಳುವಾಗಿನ ನಗು ಇರಲಿಲ್ಲ.

ಮುಚ್ಚಳ ತೆಗೆದಳು. ಚಿಮಟದಿಂದ ಉಂಡೆಯನ್ನೆತ್ತಿ ಅಂಗೈಯಲ್ಲಿಟ್ಟು ಬೆರಳಿನಿಂದ ಒತ್ತಿದಳು. ಮರಳು ಉದುರಿತು. ಒಳಗಿನಿಂದ ಹಳದಿ ಅಕ್ಕಿಕಾಳೊಂದು ಹೊರಬಂತು. ಹಿಂದಿನ ಸಾಲಿನಲ್ಲಿ ಯಾರೋ ನಗಲು ಹೊರಟು ನಿಲ್ಲಿಸಿದರು. ಆದರ್ಶ ಕುರ್ಚಿಯಲ್ಲಿ ಕುಸಿದು ಕೂತ.

ಲೂರ್ದ್ ಮೇಡಂ ಕನ್ನಡಕ ಸರಿಮಾಡಿಕೊಂಡು ಬಗ್ಗಿ ನೋಡಿದರು. "ಇದು ಅಕ್ಷತೆ ಅಲ್ವಾ? ಪಕ್ಕದ ಮನೆ ಮದುವೆಗಳಲ್ಲಿ ನಾನೇ ಎಷ್ಟು ಎರಚಿದ್ದೇನೆ!" ಆಮೇಲೆ ಸಭೆಯ ಕಡೆ ತಿರುಗಿ, ನಡುವಿನ ಖಾನೆಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ, ಉಳಿದೆರಡರಲ್ಲಿ ಮರಳು ಅಂಟಲಿಲ್ಲ, ನಾವು ಕಂಡದ್ದು ಅಷ್ಟೇ, ಬರೆಯುವುದೂ ಅಷ್ಟೇ ಎಂದು ಶಾಂತವಾಗಿ ಹೇಳಿದರು. ಕೆಳಗಿಳಿಯುವಾಗ ಗುರುಪಾದಪ್ಪನ ಕಿವಿಯ ಹತ್ತಿರ, "ಬರುವ ವಾರ ಕಳಿಸಿಬಿಟ್ಟಿದ್ರೆ ಈ ಮಕ್ಕಳ ಮರ್ಯಾದೆ ಎಲ್ಲಿರ್ತಿತ್ತು ಹೇಳಿ? ನಿಮಗೆ ಬಯ್ಯಬೇಕೋ ಥ್ಯಾಂಕ್ಸ್ ಹೇಳಬೇಕೋ ಗೊತ್ತಾಗುದಿಲ್ಲ," ಎಂದರು.

ಅಪೂರ್ವಾಳಿಗೆ ಗೊತ್ತಿತ್ತು. ಅವಳು ಅಪ್ಪನ ಜೊತೆ ಮಾತು ಬಿಟ್ಟಳು. ಉಪ್ಪು ಬೇಕಾದರೂ ಅಮ್ಮನನ್ನು ಕೇಳುತ್ತಿದ್ದಳು. ಅಪ್ಪ ಸೋಫಾದ ಮೇಲೆ ಕೂತರೆ ಅವಳು ಬಾಲ್ಕನಿಗೆ ಹೋಗುತ್ತಿದ್ದಳು. ಗುರುಪಾದಪ್ಪ ಒಂದೂ ಕಥೆ ಹೇಳಲಿಲ್ಲ. ಒಂದು ಶುಕ್ರವಾರ ಊಟಕ್ಕೆ ಬಂದವರು ಬೆರಳಿಗೆ ಏನಾಯಿತು ಎಂದು ಕೇಳಿದಾಗ, "ಶಟರ್ ಬಿತ್ತು," ಎಂದ. ಅವರು ನಂಬಲಿಲ್ಲ. "ಸುಮ್ನಿರಿ ಸಾರ್, ಗಿಡುಗದ್ದು ಹೇಳಿ," ಎಂದು ದುಂಬಾಲು ಬಿದ್ದರು. ಅಷ್ಟಾದರೂ ಅವನು ಶಟರಿನಿಂದ ಕದಲದೆ ಇದ್ದದ್ದನ್ನು ಕಂಡು ಮಧುಮತಿ ಗಾಬರಿಯಾಗಿ ಜ್ವರವೇನೋ ಎಂದು ಅವನ ಹಣೆ ಮುಟ್ಟಿ ನೋಡಿದಳು.

ಒಂದು ಮಧ್ಯಾಹ್ನ ಅಪೂರ್ವಾ ಒಬ್ಬಳೇ ಶೆಡ್ಡಿಗೆ ಬಂದಳು. ಡ್ರಿಲ್ ಮಷೀನಿನ ಪಕ್ಕದ ಸ್ಟೂಲನ್ನು ಎಳೆದುಕೊಂಡು ಕೂತಳು. ಗುರುಪಾದಪ್ಪ ಕೈಲಿದ್ದ ಕೆಲಸವನ್ನು ಬಿಟ್ಟು ನಿಂತ.

"ಲ್ಯಾಂಡ್ ಆದ ಮ್ಯಾಲೂ ಆ ಉಂಡಿ ಒಡೀಲಿಲ್ಲ," ಎಂದಳು, ನೆಲ ನೋಡುತ್ತ. "ಕಾಳಿಗೆ ಮರಳು ಅಷ್ಟು ಗಟ್ಟಿ ಹಿಡದಿತ್ತು. ಮೇಡಂ ಮುಂದಿನ ವರ್ಷ ಅದನ್ನ ಟೆಸ್ಟ್ ಮಾಡೂಣು ಅಂದ್ರು. ಅಂಟಿನ ಕಾಳು ಮರಳನ್ನ ಹೆಂಗ ಹಿಡೀತೈತಿ ಅಂತ. ಅದಕ್ಕ ನನಗ ಕರೆಕ್ಟ್ ಆಗಿ ಗೊತ್ತಾಗಬೇಕು. ಅಕ್ಷತಿಗೆ ಏನ್ ಹಚ್ಚಿದ್ದಿ? ತುಪ್ಪೇನು?"

ಆಹಾ, ಎಂಥ ಪ್ರಶ್ನೆ! ಗುರುಪಾದಪ್ಪನ ನಾಲಿಗೆಯ ತುದಿಗೆ ನಾಲ್ಕಾರು ಉತ್ತರಗಳು ಒಟ್ಟಿಗೇ ಓಡಿಬಂದವು. ಅರಮನೆಯ ಲಾಯದಿಂದ ಬಂದ ಒಂಟೆಹಾಲಿನ ತುಪ್ಪ ಎನ್ನಬಹುದಿತ್ತು. ಗುಳೇದಗುಡ್ಡದ ಅಜ್ಜಿ ಹೂತಿಟ್ಟಿದ್ದ ನೂರು ವರ್ಷದ ತುಪ್ಪ ಎನ್ನಬಹುದಿತ್ತು. ಎಲ್ಲವನ್ನೂ ನುಂಗಿಕೊಂಡ.

"ತುಪ್ಪ ಮರತಿದ್ದೆ. ಯಂತ್ರದ ಪೂಜಿ ಅಲ್ಲೇನು ಅಂತ ಈ ಡ್ರಿಲ್ ಮಷೀನಿನ ಎಣ್ಣಿ ಹಾಕಿ ಕಲಸಿದೆ."

ಪೇಂಟಿನ ಡಬ್ಬಗಳ ಹಿಂದಿನಿಂದ ಸಲಾಂ ಎದ್ದು ನಿಂತ. ಕೈಯಲ್ಲಿ ಬ್ರಶ್ಶು, ಮುಖದಲ್ಲಿ ಗೆಳೆಯನಿಗಾಗಿ ಏನನ್ನೂ ಮಾಡಲು ಸಿದ್ಧವಿರುವ ಕಳೆ.

"ಎಣ್ಣೆಯಾ? ಎಂತ ಎಣ್ಣೆ? ಮಾಫಿ ಎಣ್ಣೆ! ಅಪೂರ್ವಮ್ಮ, ಇವರ ಮಾತು ನಂಬಬೇಡಿ. ಇವರು ಅಕ್ಷತೆ ಮುಟ್ಟಲೇ ಇಲ್ಲ, ಇಲ್ಲಿ ಎಣ್ಣೆಯೂ ಇಲ್ಲ. ನಾನೇ ಸಾಕ್ಷಿ!"

ಅಪೂರ್ವಾ ಸಲಾಮನನ್ನು ನೋಡಿದಳು, ಅಪ್ಪನನ್ನು ನೋಡಿದಳು. ಅವಳಿಗೆ ನಗು ಬಂತು, ತಡೆದುಕೊಂಡಳು.

"ನಾ ನಮ್ಮಪ್ಪ ಹೇಳಿದ್ದ ನಂಬತೀನಿ, ಅಂಕಲ್," ಎಂದಳು. ಆಮೇಲೆ ಅಪ್ಪನ ಕಡೆ ತಿರುಗಿ, "ಯಾವ ಎಣ್ಣಿ ಅಪ್ಪಾ? ತೆಳ್ಳಂದೋ, ದಪ್ಪಂದೋ?"

ತಂದು ತೋರಿಸುತ್ತೇನೆಂದು ಗುರುಪಾದಪ್ಪ ಹಿಂದಿನ ಕಪಾಟಿಗೆ ಹೋದ. ಎಣ್ಣೆಯ ಡಬ್ಬಿ ಎದುರಿಗೇ ಇತ್ತು. ಆದರೂ ಬೆನ್ನು ತಿರುಗಿಸಿಕೊಂಡು, ಅದನ್ನು ಬಹಳ ಹೊತ್ತು ಹುಡುಕಿದ.